ಎದುರಾಳಿಯ ತೀರ್ಥ

ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯ ಆಚೀಚೆ ಸುಗ್ಗಿ ಬೆಳೆಯ ಕೊಯ್ಲು ಮುಗಿದು ಗದ್ದೆ ಒಣಗಿತೆಂದರೆ ರಾತ್ರಿ ಎರಡು ಬಗೆಯ ದೀಪ ಉರಿಯುತ್ತದೆ. ಒಂದು ಯಕ್ಷಗಾನದ ರಂಗಸ್ಥಳದ್ದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಅದು ಉರಿಯದೆ ಇರುತ್ತದೆಯೇ? ಇನ್ನೊಂದು ಸೆವೆನ್ಸ್, ಎಂದರೆ ತಂಡಕ್ಕೆ ಏಳೇ ಜನರ ಫುಟ್‌ಬಾಲಿನದ್ದು. ನಾನು ಎರಡಕ್ಕೂ ಹೋಗುವವನು, ಎರಡರಲ್ಲಿಯೂ ದೊಡ್ಡ ಪಾತ್ರ ಸಿಕ್ಕದವನು. ರಂಗಸ್ಥಳದಲ್ಲಿ ಬಾಗಿಲ ಭಟ, ದೂತ, ಹೆಚ್ಚೆಂದರೆ ಮಂತ್ರವಾದಿಯ ಹಾಸ್ಯ. ಫುಟ್‌ಬಾಲಿನಲ್ಲಿ ಅಡಿಕೆ ಮರ ಕಡಿದು ಕಟ್ಟಿದ ಗ್ಯಾಲರಿಯ ಮೂರನೆಯ ಮೆಟ್ಟಿಲು. ಹಗಲು ಕನ್ನಡ ಶಾಲೆಯಲ್ಲಿ ಪಾಠ ಹೇಳುವುದರಿಂದ ಊರಿಗೆಲ್ಲ ಮಾಸ್ಟ್ರು.

ಇದು 2014ರ ಫೆಬ್ರವರಿಯ ಮಾತು. ನಾವು ಗುಡ್ಡದ ಬದಿಯವರು, ಎಂದರೆ ಅಡಿಕೆ ತೋಟದವರು. ನಮ್ಮ ಎದುರಾಳಿಗಳು ಕಡಲ ಬದಿಯವರು. ವೈರವೇನಿದ್ದರೂ ವರ್ಷಕ್ಕೆ ಒಂದೆರಡು ರಾತ್ರಿಯದ್ದು. ಉಳಿದ ದಿನ ಅವರು ಹಿಡಿದ ಬಂಗುಡೆಗೆ ನಮ್ಮ ಪೇಟೆಯಲ್ಲಿ ಸಾಲು ನಿಲ್ಲುತ್ತದೆ. ಮೂರು ವರ್ಷಗಳಿಂದ ನಾವು ಅವರ ಮುಂದೆ ಸೋಲುತ್ತಲೇ ಬಂದಿದ್ದೆವು. ಸೋಲನ್ನಾದರೂ ನುಂಗಬಹುದಿತ್ತು, ಆಟಕ್ಕೆ ಮೊದಲು ಅವರು ನಡೆಸುತ್ತಿದ್ದ ಆ ಕ್ರಮವನ್ನು ಸಹಿಸಲು ಆಗುತ್ತಿರಲಿಲ್ಲ.

ಏನು ಕ್ರಮ ಎನ್ನುತ್ತೀರಿ? ಏಳು ಆಟಗಾರರೂ ಸಾಲಾಗಿ ಬರುತ್ತಾರೆ. ಪ್ರತಿಯೊಬ್ಬನೂ ತನ್ನ ಮುಂದಿನವನ ಎಡಗಿವಿಯನ್ನು ಹಿಡಿದಿರುತ್ತಾನೆ. ಸಾಲಿನ ಕೊನೆಯಲ್ಲಿ ಗೋಲಿ, ಎಂದರೆ ಗೋಲು ಕಾಯುವವನು. ಅವನ ಕಿವಿ ಹಿಡಿಯಲು ಹಿಂದೆ ಯಾರೂ ಇಲ್ಲವಲ್ಲ, ಅದಕ್ಕಾಗಿ ತಂಡದ ಮೇನೇಜರ್ ಕಾಕ ಅರುವತ್ತು ದಾಟಿದ ಮೊಣಕಾಲುಗಳನ್ನು ಎಳೆದುಕೊಂಡು ಬರುತ್ತಾರೆ. ಹೀಗೆ ರೈಲಿನಂತೆ ಅರ್ಧ ಅಂಗಳ ಸುತ್ತಿದ ಮೇಲೆ ಗೋಲಿ ಒಂದು ಬಾಟಲಿ ತೆರೆದು ಎರಡು ಕಂಬಗಳ ಬುಡಕ್ಕೂ ಗೋಲಿನ ಗೆರೆಗೂ ನೀರು ಚಿಮುಕಿಸುತ್ತಾನೆ. ಅದು ಅಮಾವಾಸ್ಯೆಯ ರಾತ್ರಿ ತುಂಬಿಸಿದ ಸಮುದ್ರದ ನೀರು ಎಂಬುದು ನಮ್ಮಲ್ಲಿ ಎಳೆ ಮಕ್ಕಳಿಗೂ ಗೊತ್ತಿದ್ದ ವಿಷಯ. ರೆಫ್ರಿ ಗಡಿಯಾರ ನೋಡುತ್ತಾ ನಿಲ್ಲುತ್ತಿದ್ದ.

ಆ ವರ್ಷ ಮೊದಲ ಸುತ್ತಿನಲ್ಲೇ ಅವರು ನಮಗೆ ಸಿಕ್ಕಿದರು. ಗ್ಯಾಲರಿಯಲ್ಲಿ ನನ್ನ ಕೈಯಲ್ಲಿ ಕುಡಿಯುವ ನೀರಿನ ಒಂದು ಬಾಟಲಿ ಇತ್ತು, ನೀಲಿ ಮುಚ್ಚಳದ್ದು. ಹೆಗಲ ಮೇಲೆ ಕೆಂಪು ಬೈರಾಸು. ಅವರ ರೈಲು ಹೊರಡುತ್ತಲೇ ನನ್ನೊಳಗಿನ ಮಂತ್ರವಾದಿ ಎದ್ದ. ಬೈರಾಸನ್ನು ತಲೆಗೆ ಸುತ್ತಿ, ಮುಂಡನ್ನು ಎತ್ತಿ ಕಟ್ಟಿ, ಗದ್ದೆಯ ಬದುವಿಗೆ ಜಿಗಿದು, ನನ್ನ ಕಿವಿಯನ್ನು ನಾನೇ ಹಿಂಡಿಕೊಂಡು ಕುಂಟುತ್ತಾ ನಡೆದೆ. ‘ಓಂ ಹ್ರೀಂ ಬಂಗುಡೆ, ಓಂ ಹ್ರೀಂ ಬೂತಾಯಿ’ ಎಂದು ರಾಗ ಎಳೆದು ಬಾಟಲಿಯ ನೀರನ್ನು ನನ್ನ ತಲೆಯ ಮೇಲೆಯೇ ಚಿಮುಕಿಸಿಕೊಂಡೆ. ಇಪ್ಪತ್ತು ವರ್ಷ ಗೆಜ್ಜೆ ಕಟ್ಟಿಯೂ ಸಿಗದ ನಗು ಆ ರಾತ್ರಿ ಸಿಕ್ಕಿತು. ಎದುರು ಬದಿಯ ಗ್ಯಾಲರಿಯಲ್ಲಿಯೂ ನಾಲ್ಕು ಜನ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮೇನೇಜರ್ ಕಾಕ ಮಾತ್ರ ನನ್ನನ್ನೇ ದಿಟ್ಟಿಸಿದರು.

ನಾವು ಎರಡು–ಒಂದರಿಂದ ಗೆದ್ದೆವು.

ಮರುದಿನ ಪೇಟೆಯ ಚಹಾದ ಅಂಗಡಿಯಲ್ಲಿ ನಾನೇ ನಾಯಕ. ಆದರೆ ಅಲ್ಲಿನ ಹಿರಿಯ ಅರ್ಜೆಂಟೀನಾ ಭಕ್ತರೊಬ್ಬರು ಮುಖ ಹುಳಿ ಮಾಡಿಕೊಂಡರು. “ನಗಬೇಡಿ ಮಾಸ್ಟ್ರೇ, ನೀರಿನ ವಿಷಯ ನಗುವಂಥದ್ದಲ್ಲ” ಎಂದು 1990ರ ಇಟಲಿ ವಿಶ್ವಕಪ್ಪಿಗೆ ಹೋದರು. ಯುಗೋಸ್ಲಾವಿಯಾದ ಎದುರು ಪೆನಾಲ್ಟಿಗೆ ನಿಂತಾಗ ಅರ್ಜೆಂಟೀನಾದ ಗೋಲಿ ಸೆರ್ಜಿಯೊ ಗೊಯ್ಕೊಚೆಯಾನಿಗೆ ಮೂತ್ರದ ಅವಸರ. ಹೊರಗೆ ಹೋಗುವಂತಿಲ್ಲ. ಜೊತೆಗಾರರು ಮರೆ ನಿಂತರು, ಅಂಗಳದಲ್ಲೇ ಕೆಲಸ ಮುಗಿಸಿದ. ಗೆದ್ದರು. ಸೆಮಿಫೈನಲಿನಲ್ಲಿ ಇಟಲಿಯ ಎದುರು ಪುನಃ ಪೆನಾಲ್ಟಿ. ಈ ಸಲ ಅವಸರ ಇತ್ತೋ ಇಲ್ಲವೋ, ಕ್ರಮ ತಪ್ಪಿಸಬಾರದೆಂದು ಪುನಃ ಅದನ್ನೇ ಮಾಡಿದ. ಪುನಃ ಗೆದ್ದರು. “ಆಮೇಲೆ ಫೈನಲಿನಲ್ಲಿ?” ಎಂದು ಮೂಲೆಯಲ್ಲಿದ್ದ ಬ್ರೆಜಿಲ್ ಭಕ್ತನೊಬ್ಬ ಕೆಣಕಿದ. ಫೈನಲಿನಲ್ಲಿ ಪಶ್ಚಿಮ ಜರ್ಮನಿಯ ಬ್ರೆಹ್ಮೆ 85ನೇ ನಿಮಿಷದಲ್ಲಿ, ಆಟದ ನಡುವೆಯೇ ಸಿಕ್ಕಿದ ಪೆನಾಲ್ಟಿಯಲ್ಲಿ ಗೋಲು ಹೊಡೆದು ಕತೆ ಮುಗಿಸಿದ್ದ. “ಪುರುಸೊತ್ತು ಕೊಡಲಿಲ್ಲ, ಅದಕ್ಕೇ ಸೋತದ್ದು” ಎಂದರು ಹಿರಿಯರು. ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಸೆಮಿಫೈನಲಿನಲ್ಲಿ ನಮಗೆ ಬೇರೆ ತಂಡ ಎದುರಾಯಿತು. ಪಾಪದವರು, ಬಂದು ಶೂ ಕಟ್ಟಿಕೊಂಡು ಆಡುವವರು. ಆಟಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ನಮ್ಮ ಕ್ಯಾಪ್ಟನ್ ಓಡಿ ಬಂದು, “ಮಾಸ್ಟ್ರೇ, ಆ ನೀರಿನದ್ದು ಒಮ್ಮೆ ಮಾಡಿ ಬಿಡಿ” ಎಂದ. ಅಣಕಿಸಬೇಕಾದರೆ ಎದುರು ಒಂದು ಅಸಲು ಬೇಡವೇ? ಇವರ ಬಳಿ ಅಂಥದ್ದೇನೂ ಇಲ್ಲವಲ್ಲ ಎಂದೆ. “ಇಲ್ಲದಿದ್ದರೇನು, ನಿಮ್ಮ ಹತ್ತಿರ ಇದೆಯಲ್ಲ” ಎಂದ. ಮಾಡಿದೆ. ಎದುರಿನವರಿಗೆ ತಲೆಬುಡ ಅರ್ಥವಾಗಲಿಲ್ಲ. ನಾವು ಒಂದು–ಸೊನ್ನೆಯಿಂದ ಗೆದ್ದೆವು.

ಅಲ್ಲಿಂದ ನನ್ನ ಸ್ವಾತಂತ್ರ್ಯ ಹೋಯಿತು. ಬೈರಾಸನ್ನು ಒಗೆಯಬಾರದು. ಬಾಟಲಿ ಅದೇ ಇರಬೇಕು, ನೀಲಿ ಮುಚ್ಚಳದ್ದೇ. ನೀರು ನಮ್ಮ ಮನೆಯ ಬಾವಿಯದ್ದು, ಏಕೆಂದರೆ ಮೊದಲ ದಿನ ಹಾಗಿತ್ತು. ಬಂಗುಡೆಯ ಮೊದಲು ಬೂತಾಯಿ ಹೇಳಬಾರದು. ಇಷ್ಟೆಲ್ಲವನ್ನೂ ನನಗೆ ಹೇಳಿಕೊಟ್ಟವರು ಯಾರೆಂದರೆ, ಕಡಲ ಬದಿಯವರ ಮೂಢನಂಬಿಕೆಗೆ ಹೊಟ್ಟೆ ಹಿಡಿದು ನಕ್ಕವರೇ. ಅದರಲ್ಲಿ ಒಬ್ಬ ವಿಜ್ಞಾನದ ಪದವೀಧರ. ನಾನು ಹಾಸ್ಯದವನು, ಒಂದೇ ಮಾತನ್ನು ಎರಡು ಸಲ ಒಂದೇ ರೀತಿ ಹೇಳಿದರೆ ನಗು ಸಾಯುತ್ತದೆಂದು ಗೊತ್ತಿರುವವನು. ಸೆಮಿಫೈನಲಿನ ದಿನ ಯಾರೂ ನಕ್ಕಿರಲಿಲ್ಲ, ಕೈ ಮುಗಿದು ನಿಂತವರ ಹಾಗೆ ಸುಮ್ಮನೆ ನೋಡಿದ್ದರು. ಅದು ನನಗೆ ಚುಚ್ಚಿತು.

ಅರ್ಜೆಂಟೀನಾದಲ್ಲಿ ಇಂಥದ್ದೇ ಒಂದು ಕತೆ ಇದೆ. ಅವೆಲ್ಲನೆಡ ಎಂಬ ಊರಿನಲ್ಲಿ ರೇಸಿಂಗ್ ಮತ್ತು ಇಂಡಿಪೆಂಡಿಯೆಂಟೆ ಎಂಬ ಎರಡು ಕ್ಲಬ್ಬುಗಳು, ಅಂಗಳಗಳ ನಡುವೆ ಕೂಗಳತೆಯ ದೂರ. 1967ರಲ್ಲಿ ರೇಸಿಂಗ್ ತಂಡ ಖಂಡಾಂತರ ಕಪ್ ಗೆದ್ದಾಗ ಎದುರಾಳಿಯ ಅಭಿಮಾನಿಗಳು ಅವರ ಅಂಗಳಕ್ಕೆ ನುಗ್ಗಿ ಏಳು ಸತ್ತ ಕಪ್ಪು ಬೆಕ್ಕುಗಳನ್ನು ಹೂತರಂತೆ. ಅದೂ ಚೇಷ್ಟೆಯೇ ಇರಬೇಕು. ಆದರೆ ರೇಸಿಂಗಿಗೆ ಮತ್ತೆ ಲೀಗ್ ಪ್ರಶಸ್ತಿ ಸಿಕ್ಕಿದ್ದು 2001ರಲ್ಲಿ. ಅಷ್ಟರೊಳಗೆ ಬೆಕ್ಕಿನ ಎಲುಬು ಹುಡುಕಿ ಅಂಗಳ ಅಗೆದದ್ದೂ ಆಯಿತು. ಕುಚೋದ್ಯ ಮಾಡಿದವರು ಮನೆಗೆ ಹೋಗಿ ಮಲಗಿದ್ದರು, ಅಗೆಯುವ ಕೆಲಸ ಇವರ ಪಾಲಿಗೆ ಬಂತು.

ಫೈನಲಿನಲ್ಲಿ ಮತ್ತೆ ಕಡಲ ಬದಿಯವರು. ಮೊದಲ ಸುತ್ತು ಲೀಗ್ ಆದ್ದರಿಂದ ಅವರೂ ಉಳಿದುಕೊಂಡಿದ್ದರು. ಆ ದಿನ ಶಾಲೆಯಿಂದ ಬರುವಾಗ ಬಸ್ ತಡವಾಯಿತು. ಮನೆ ಹೊಕ್ಕು ಬಾಟಲಿಗಾಗಿ ಅಡುಗೆ ಮನೆಯ ಕಿಟಕಿಗೆ ಕೈ ಹಾಕಿದರೆ ಅಲ್ಲಿ ಉಪ್ಪಿನಕಾಯಿಯ ಭರಣಿ. “ಅದಾ? ಮಧ್ಯಾಹ್ನ ಗುಜರಿಯವನು ಬಂದಿದ್ದ” ಎಂದಳು ಹೆಂಡತಿ, ಹಳೆಯ ಪತ್ರಿಕೆಗಳ ದುಡ್ಡನ್ನು ತೋರಿಸುತ್ತಾ. ಅವಳಿಗೇನು ಹೇಳಲಿ? ಊರಿನ ಭಾಗ್ಯವನ್ನು ಕಿಲೋ ಲೆಕ್ಕದಲ್ಲಿ ಮಾರಿದ್ದೀಯೆಂದೇ? ಇನ್ನೊಂದು ಬಾಟಲಿಗೆ ಬಾವಿಯ ನೀರು ತುಂಬಿಸಿಕೊಂಡು ಓಡಿದೆ. ಮುಚ್ಚಳ ಬಿಳಿ. ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡೆ.

ಗದ್ದೆಗೆ ಇಳಿದರೆ ಎದುರು ಗ್ಯಾಲರಿಯಲ್ಲಿ ನಗುವಿನ ಅಲೆ. ಯಾರಪ್ಪಾ ಎಂದು ನೋಡಿದರೆ ನಾನೇ. ಅವರ ಹುಡುಗನೊಬ್ಬ ಹೊಟ್ಟೆಗೆ ತಲೆದಿಂಬು ಕಟ್ಟಿ, ತಲೆಗೆ ಕೆಂಪು ಬೈರಾಸು ಸುತ್ತಿ, ಬಾಟಲಿ ಹಿಡಿದು ಕುಂಟುತ್ತಿದ್ದ. ‘ಓಂ ಹ್ರೀಂ ಅಡಿಕೆ ಹಾಳೆ, ಓಂ ಹ್ರೀಂ ಸೋಗೆ!’ ಮುಂಡನ್ನು ಎತ್ತಿ ಕಟ್ಟುವ ಮೊದಲು ನಾನು ಎರಡು ಸಲ ಸೊಂಟ ತಡವುತ್ತೇನೆ ಎಂಬುದು ನನಗೆ ಅಂದೇ ಗೊತ್ತಾದದ್ದು. ಅವನು ಚೆನ್ನಾಗಿಯೇ ಮಾಡಿದ, ಹಾಸ್ಯದವನಾಗಿ ಒಪ್ಪಲೇಬೇಕು. ಆದರೆ ನನ್ನ ಕಿವಿ ಬಿಸಿಯಾಯಿತು. ಇದು ನಮ್ಮದು, ನಮ್ಮ ಕ್ರಮ, ಇದಕ್ಕೆ ನಗಲು ಇವರಾರು ಎಂದು ಒಳಗೊಳಗೆ ಕುದಿದೆ. ಆ ಕ್ರಮಕ್ಕೆ ಆಗ ಎರಡು ವಾರವೂ ತುಂಬಿರಲಿಲ್ಲ.

ಆಟದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಕೊನೆಯವರೆಗೂ ಗೋಲಿಲ್ಲ, ಟೈಬ್ರೇಕರಿನಲ್ಲಿ ಸೋತೆವು. ನಮ್ಮ ಕೊನೆಯ ಒದೆತ ಕಂಬದ ಬುಡಕ್ಕೆ, ಅವರು ನೀರು ಚಿಮುಕಿಸಿದ್ದಲ್ಲಿಗೇ ಬಡಿದು ಹೊರಗೆ ಹೋಯಿತು. ಕ್ಯಾಪ್ಟನ್ ನನ್ನ ಹತ್ತಿರ ಬಂದು ಬಾಟಲಿಯನ್ನು ತೆಗೆದುಕೊಂಡು ನೋಡಿ, ಒಂದು ಮಾತೂ ಆಡದೆ ಹಿಂದೆ ಕೊಟ್ಟು ಹೋದ. ಬೈದಿದ್ದರೆ ವಾಸಿಯಿತ್ತು.

ಜನ ಕರಗಿದ ಮೇಲೆ ಚರುಮುರಿಯ ಗಾಡಿಯ ಪಕ್ಕ ಮೇನೇಜರ್ ಕಾಕ ಒಬ್ಬರೇ ಕಟ್ಟನ್ ಚಾಯ ಕುಡಿಯುತ್ತಾ ನಿಂತಿದ್ದರು. ಹತ್ತಿರ ಹೋಗಿ ಕೇಳಿಯೇ ಬಿಟ್ಟೆ.

“ಕಾಕಾ, ಆ ಸಮುದ್ರದ ನೀರು ಯಾತಕ್ಕೆ?”

“ಸಮುದ್ರದ್ದು ಎಂದು ಯಾರು ಹೇಳಿದರು ಮಾಷೇ?”

“ಎಲ್ಲರೂ ಹೇಳುತ್ತಾರೆ.”

“ಎಲ್ಲರೂ ಎಂದರೆ ನಿಮ್ಮವರು. ಒಂದು ವರ್ಷ ಅಂಗಳದಲ್ಲಿ ಧೂಳು ಜಾಸ್ತಿ ಇತ್ತು. ಕಣ್ಣಿಗೆ ಬೀಳುತ್ತದೆಂದು ನಮ್ಮ ಗೋಲಿ ನಳ್ಳಿ ನೀರು ಚಿಮುಕಿಸಿದ. ನಿಮ್ಮ ಹುಡುಗರು ಗ್ಯಾಲರಿಯಿಂದ ‘ಸಮುದ್ರದ ನೀರು, ಮಾಟ’ ಎಂದು ಬೊಬ್ಬೆ ಹೊಡೆದರು. ಹೆದರಿದ್ದೀರೆಂದು ಗೊತ್ತಾಯಿತು. ಆಮೇಲೆ ನಿಜವಾಗಿಯೂ ಸಮುದ್ರದ್ದೇ ತರುತ್ತಿದ್ದೇವೆ.”

ಕಿವಿ ಹಿಡಿಯುವುದನ್ನು ಕೇಳಲು ಧೈರ್ಯ ಬರಲಿಲ್ಲ. ಅದನ್ನೂ ನಾವೇ ಹೇಳಿಕೊಟ್ಟಿದ್ದರೆ?

ಕಾಕ ಗ್ಲಾಸ್ ಕೆಳಗಿಟ್ಟು ನನ್ನ ಕೈಯತ್ತ ನೋಡಿದರು. ಸುತ್ತ ಯಾರೂ ಇಲ್ಲವೆಂದು ಖಾತರಿ ಮಾಡಿಕೊಂಡು ಸ್ವರ ತಗ್ಗಿಸಿದರು.

“ಅಲ್ಲ ಮಾಷೇ, ಆಟದ ಮೊದಲೇ ನಾನು ಹುಡುಗರಿಗೆ ಹೇಳಿದ್ದೆ, ಇವತ್ತು ಹೆದರಬೇಡಿ ಎಂದು. ನಿಮ್ಮ ಆ ನೀಲಿ ಮುಚ್ಚಳದ ಬಾಟಲಿ ಎಲ್ಲಿ ಹೋಯಿತು?”