ಮಳೆಗಾಲದ ಅಂಗನವಾಡಿ: ಒದ್ದೆ ಬಟ್ಟೆ, ಉಂಬಳ, ಅಂಗಿ ಗುಂಡಿ

ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್ ಹಿಡಿದರೆ ಅಂಗನವಾಡಿಯ ಮೊದಲ ಕೆಲಸ ಪದ್ಯ ಹೇಳಿಸುವುದಲ್ಲ, ಮಕ್ಕಳ ಮೈ ಒಣಗಿಸುವುದು. ಪ್ರತಿ ಮಗುವಿಗೂ ಹೆಸರು ಬರೆದ ಚೀಲ, ಅದರಲ್ಲಿ 2 ಜೊತೆ ಬಟ್ಟೆ ಇರಲಿ. ಕಾಲ್ಬೆರಳ ಸಂದು ಮರೆಯದೆ ಒರೆಸಿ. ತೇವ ಉಳಿದರೆ ಚರ್ಮ ಬಿಳಿಚಿ ಕೆರೆತ ಹತ್ತುತ್ತದೆ.

ಉಂಬಳ (ಜಿಗಣೆ) ಹತ್ತಿದ್ದರೆ ಎಳೆಯಬೇಡಿ. ಎಳೆ ಚರ್ಮಕ್ಕೆ ಉಪ್ಪು, ಸುಣ್ಣವೂ ಬೇಡ, ಉರಿಯುತ್ತದೆ. ಅದು ಕಚ್ಚಿರುವ ಕಡೆ ಉಗುರನ್ನು ಚರ್ಮಕ್ಕೆ ಒತ್ತಿ ಸರಿಸಿದರೆ ಬಿಡುತ್ತದೆ. ಸೋಪು ನೀರಲ್ಲಿ ತೊಳೆದು ಶುದ್ಧ ಬಟ್ಟೆ ಒತ್ತಿಹಿಡಿಯಿರಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತದೆ.

ಬಟ್ಟೆ ಬದಲಿಸುವಾಗ ಸುಮ್ಮನಿರಬೇಡಿ. ‘ಎಡಗೈ ಎಲ್ಲಿ? ಗುಂಡಿ ಎಷ್ಟು?’ 3 ವರ್ಷದ ಮಗುವಿಗೆ ಇದೇ ಒಳ್ಳೆಯ ಪಾಠ. ದೊಡ್ಡ ಗುಂಡಿಯನ್ನು ಮಗುವೇ ಹಾಕಲಿ, ಕೆಳಗಿನಿಂದ ಶುರುಮಾಡಿಸಿ. ಅದು ಕಣ್ಣಿಗೆ ಕಾಣುತ್ತದೆ.