ನಾಲ್ಕನೇ ಅಧ್ಯಾಯದಿಂದ ಶುರು ಮಾಡು ಅಂದ್ರು ಮೇಷ್ಟ್ರು

ನಾನು ದಿನಾ ಮಂಡ್ಯದಿಂದ ಮೈಸೂರಿಗೆ ಟ್ರೈನಲ್ಲಿ ಓಡಾಡೋನು, ಕಿಟಕಿ ಪಕ್ಕ ಸೀಟ್ ಸಿಕ್ಕಿದ್ರೆ ಓದ್ತೀನಿ. ಹೋದ ಡಿಸೆಂಬರಲ್ಲಿ ಐರ್ಲೆಂಡಿನ ಜೇಮ್ಸ್ ಜಾಯ್ಸ್ ಇಂಗ್ಲಿಷಲ್ಲಿ ಬರೆದ ‘ಯುಲಿಸಿಸ್’ ಕಾದಂಬರಿ ಹಿಡಿದಿದ್ದೆ, ಮೂರನೇ ಸಲ. ಮೂರು ಸಲವೂ ನಿಂತಿದ್ದು ಮೂರನೇ ಅಧ್ಯಾಯದಲ್ಲೇ. ಸ್ಟೀಫನ್ ಅನ್ನೋ ಹುಡುಗ ಸಮುದ್ರದ ದಂಡೆ ಮೇಲೆ ಒಬ್ಬನೇ ನಡೀತಿರ್ತಾನೆ, ಸ್ವಲ್ಪ ದೂರ ಕಣ್ಣು ಮುಚ್ಕೊಂಡೂ ನಡೀತಾನೆ, ಅರಿಸ್ಟಾಟಲ್ ಬರ್ತಾನೆ, ಲ್ಯಾಟಿನ್ ಬರುತ್ತೆ, ತೀರಿಹೋದ ತಾಯಿ ಬರ್ತಾಳೆ, ಯಾವುದು ಹೊರಗೆ ನಡೀತಿದೆ ಯಾವುದು ಅವನ ತಲೇಲಿ ಅಂತಾನೇ ತಿಳಿಯಲ್ಲ.

ಆವತ್ತು ಪಾಂಡವಪುರ ದಾಟಿದ್ಮೇಲೆ ಎದುರು ಸೀಟಿನ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು, ಮುಖ ಪರಿಚಯ ಅಷ್ಟೇ, “ಏನಪ್ಪಾ, ಮೂರು ವಾರದಿಂದ ಆ ಬಸ್ ಟಿಕೆಟ್ಟು ಅದೇ ಪುಟದಲ್ಲೇ ಕೂತಿದೆಯಲ್ಲ” ಅಂದ್ರು. ಅರ್ಥ ಆಗ್ತಿಲ್ಲ ಸಾರ್ ಅಂದೆ. ಶ್ರೀರಂಗಪಟ್ಟಣದ ಸೇತುವೆ ಸದ್ದಿಗೆ ಸ್ವಲ್ಪ ಸುಮ್ಮನಿದ್ದು ಆಮೇಲೆ ಹೇಳಿದ್ರು, “ಇಡೀ ಪುಸ್ತಕ ಒಂದೇ ದಿನದ್ದು, 1904ರ ಜೂನ್ 16. ಒಂದನೇ ಅಧ್ಯಾಯ ಶುರುವಾಗೋದು ಬೆಳಗ್ಗೆ ಎಂಟಕ್ಕೆ, ನಾಲ್ಕನೆಯದೂ ಅದೇ ಎಂಟಕ್ಕೆ. ಗಡಿಯಾರ ಜಾಯ್ಸೇ ಹಿಂದಕ್ಕೆ ತಿರುಗಿಸಿದ್ದಾನೆ. ನೀನು ನಾಲ್ಕರಿಂದ ಓದು, ಆಮೇಲೆ ವಾಪಸ್ ಬಾ. ಅದಕ್ಕೂ ಮುಂಚೆ, ಅವನದೇ ‘ಡಬ್ಲಿನರ್ಸ್’ ಅನ್ನೋ ಕತೆಗಳ ಪುಸ್ತಕದಲ್ಲಿ ‘ಎವೆಲಿನ್’ ಅಂತ ಸಣ್ಣ ಕತೆ ಇದೆ, ಅದು ಮುಗಿಸ್ಕೋ. ಮತ್ತೆ, ಬಾಯ್ಬಿಟ್ಟು ಓದಪ್ಪ.”

ಮಧ್ಯಾಹ್ನ ಊಟದ ಹೊತ್ತಲ್ಲಿ ಫೋನಲ್ಲೇ ‘ಎವೆಲಿನ್’ ಓದಿದೆ. ಕಿಟಕಿ ಹತ್ರ ಒಂದು ಹುಡುಗಿ ಕೂತಿದ್ದಾಳೆ, ಧೂಳು ಹಿಡಿದ ಕರ್ಟನ್ ವಾಸನೆ ಮೂಗಿಗೆ ಬರ್ತಿದೆ, ಮನೆ ಬಿಟ್ಟು ಹಡಗಿನವನ ಜೊತೆ ಹೋಗ್ಲೋ ಬೇಡ್ವೋ ಅಂತ ಯೋಚಿಸ್ತಿದ್ದಾಳೆ. ಕೊನೆಗೆ ಬಂದರಿನಲ್ಲಿ ಕಬ್ಬಿಣದ ಕಂಬಿ ಹಿಡ್ಕೊಂಡು ಅಲ್ಲೇ ನಿಂತುಬಿಡ್ತಾಳೆ. ಡಿಕ್ಷನರಿ ಮುಟ್ಟಲಿಲ್ಲ ನಾನು. ‘ಡಬ್ಲಿನರ್ಸ್’ ಬಂದಿದ್ದು 1914ರಲ್ಲಿ, ‘ಯುಲಿಸಿಸ್’ 1922ರಲ್ಲಿ, ಆದ್ರೆ ಒಬ್ಬರ ತಲೆಯೊಳಗೆ ನಮ್ಮನ್ನ ಕೂರಿಸೋ ಆ ಕೆಲಸ ಇಲ್ಲೇ ಶುರುವಾಗಿದೆ, ಇಲ್ಲಿ ಜಾಯ್ಸ್ ಕೈ ಹಿಡಿದು ಕರ್ಕೊಂಡು ಹೋಗ್ತಾನೆ ಅಷ್ಟೇ. ‘ಯುಲಿಸಿಸ್’ಗೆ ಮೊದಲು ಅದಕ್ಕೆ ಆಧಾರವಾದ ಗ್ರೀಕ್ ಕವಿ ಹೋಮರ್‌ನ ಕಾವ್ಯ ಮುಗಿಸು, ಪಕ್ಕದಲ್ಲಿ ಗೈಡ್ ಇಟ್ಕೋ ಅನ್ನೋರ ಮಾತು ನಾನು ಇವತ್ತಿಗೂ ಒಪ್ಪಲ್ಲ.

ಸಂಜೆ ಮನೆಗೆ ಬಂದ್ರೆ ಅವ್ವ ಅಡುಗೆಮನೇಲಿ ನೆನೆಸಿದ ಅವರೆಕಾಳು ಹಿತುಕ್ತಾ ಕೂತಿದ್ಲು. ನಾನೂ ಅಲ್ಲೇ ಗೋಡೆಗೆ ಒರಗಿ ಕೂತು ನಾಲ್ಕನೇ ಅಧ್ಯಾಯ ಜೋರಾಗಿ ಓದಕ್ಕೆ ಶುರು ಮಾಡಿದೆ, ಓದಿದ್ದನ್ನ ಹಂಗೇ ನಮ್ಮ ಮಾತಲ್ಲಿ ಅವ್ವಂಗೆ ಹೇಳ್ತಾ ಹೋದೆ. ಬ್ಲೂಮ್ ಅಂತ ಒಬ್ಬ, ಅವನಿಗೆ ಗುಂಡಿಗೆ, ಹುರಿದ ಲಿವರ್ ಎಲ್ಲ ಬಲು ಇಷ್ಟ, ಅದರಲ್ಲೂ ಕಿಡ್ನಿ ಅಂದ್ರೆ ಪ್ರಾಣ ಅಂದೆ. “ಬೋಟಿ ತಿನ್ನೋರು ನಮ್ಮಲ್ಲಿಲ್ವಾ, ಅದ್ರಲ್ಲೇನು” ಅಂದ್ಲು ಅವ್ವ. ಬೆಕ್ಕು ಬಾಲ ಎತ್ಕೊಂಡು ಟೇಬಲ್ ಕಾಲು ಸುತ್ತುತ್ತೆ, ಹಾಲಿಗೆ ಕೂಗುತ್ತೆ. ಜಾಯ್ಸ್ ಸುಮ್ನೆ ಮಿಯಾಂವ್ ಅಂತ ಬರೆದಿಲ್ಲ, ಮೊದಲ ಸಲ ಮ್ಕ್‌ಗ್ನಾವ್, ಆಮೇಲೆ ಮ್ರ್‌ಕ್‌ಗ್ನಾವ್, ಹಸಿವು ಜಾಸ್ತಿ ಆದಂಗೆ ಒಂದೊಂದು ಅಕ್ಷರ ಸೇರಿಸ್ತಾ ಹೋಗ್ತಾನೆ. ಕಣ್ಣಲ್ಲಿ ಓದಿದ್ರೆ ಪ್ರಿಂಟ್ ಮಿಸ್ಟೇಕ್ ಥರ ಕಾಣುತ್ತೆ, ಬಾಯ್ಬಿಟ್ಟು ಓದಿದಾಗ ನಿಜವಾಗ್ಲೂ ಬೆಕ್ಕು. ನಾನು ಎರಡೆರಡು ಸಲ ಕೂಗಿ ತೋರಿಸ್ದೆ. ಅವ್ವ ಕೈಯಲ್ಲಿದ್ದ ಕಾಳು ಬಿಟ್ಟು ನನ್ನ ಮುಖ ನೋಡಿ, “ಊಂ ಕಣೋ, ನಮ್ಮನೇದೂ ಹಾಲಿಗೊಂದು ಥರ ಕೂಗುತ್ತೆ, ಮೀನಿಗೊಂದು ಥರ ಕೂಗುತ್ತೆ. ಅವನು ಸರಿಯಾಗಿ ಕೇಳಿಸ್ಕೊಂಡವ್ನೆ” ಅಂದ್ಲು.

ಅಷ್ಟು ಜನ ಬರೆದಿರೋದು ಓದಿದೀನಿ ಈ ಪುಸ್ತಕದ ಬಗ್ಗೆ, ಇಷ್ಟು ಸರಿಯಾದ ಮಾತು ನನಗೆ ಸಿಕ್ಕಿರಲಿಲ್ಲ.

ಬ್ಲೂಮ್ ಒಲೆ ಮೇಲೆ ಕಿಡ್ನಿ ಇಟ್ಟು, ಟೀ ತಗೊಂಡು ಮಹಡಿ ಮೇಲಿರೋ ಹೆಂಡತಿ ಹತ್ರ ಹೋಗ್ತಾನೆ. ಅವಳು ಯಾವುದೋ ಪುಸ್ತಕದಲ್ಲಿದ್ದ ಪದಕ್ಕೆ ಅರ್ಥ ಕೇಳ್ತಾಳೆ, ಇವನು ಸತ್ತ ಮೇಲೆ ಆತ್ಮ ಇನ್ನೊಂದು ದೇಹಕ್ಕೆ ಹೋಗೋದು ಅಂತ ವಿವರಿಸ್ತಾ ನಿಂತುಬಿಡ್ತಾನೆ. ಅಲ್ಲಿಗೆ ನಾನು ಪುಟ ತಿರುಗಿಸ್ತಾ ಇದ್ದೆ, ಅವ್ವ ತಡೀಲಾರದೆ, “ಒಲೆ ಮೇಲೆ ಇಟ್ಟಿದ್ದು ಏನಾಯ್ತೋ, ಸೀದೋಯ್ತಾ?” ಅಂದ್ಲು.