ಹಾ ಜಿನ್ ಪಾಲಿಗೆ ಬಂದ ಇಂಗ್ಲಿಷ್

ಜೂನ್ 4, 2024, ಮಂಗಳವಾರ

ಬೀಜಿಂಗಿನ ಟಿಯಾನನ್‌ಮೆನ್‌ನಲ್ಲಿ ಪ್ರಜಾಪ್ರಭುತ್ವ ಕೇಳಿದವರ ಮೇಲೆ ಚೀನೀ ಸೈನ್ಯ ಗುಂಡು ಹಾರಿಸಿ ಇವತ್ತಿಗೆ 35 ವರ್ಷ. ಅದೇ ನೆಪದಲ್ಲಿ, ಚೀನಾದಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿ ಬರೆಯುವ ಹಾ ಜಿನ್ ಅವರ ಕಾದಂಬರಿ ‘ವೇಟಿಂಗ್’ ಮತ್ತೆ ಓದಲು ಕೂತೆ.

ಇವರ ನಿಜ ಹೆಸರು ಜಿನ್ ಷುಯೆಫೈ. ಚೀನಾದ ಹಾರ್ಬಿನ್ ಊರಿನ ‘ಹಾ’ ಸೇರಿಸಿಕೊಂಡು ಹಾ ಜಿನ್ ಆದರು. ಹುಟ್ಟಿದ್ದು 1956ರಲ್ಲಿ, ಲಿಯಾವ್‌ನಿಂಗ್ ಪ್ರಾಂತ್ಯದಲ್ಲಿ. ಹತ್ತು ವರ್ಷದವರಿದ್ದಾಗ ಮಾವೋನ ಸಾಂಸ್ಕೃತಿಕ ಕ್ರಾಂತಿ ಶುರುವಾಗಿ ಶಾಲೆಗಳಿಗೆ ಬೀಗ. ಮೀಸೆ ಚಿಗುರುವ ಮೊದಲೇ ಸೈನ್ಯ ಸೇರಿ ಸೋವಿಯತ್ ಗಡಿಗೆ ಹೋದರು. ಆಮೇಲೆ ರೈಲ್ವೆಯಲ್ಲಿ ಟೆಲಿಗ್ರಾಫ್ ಕೆಲಸ. ಆಗಲೇ ರೇಡಿಯೋ ಪಾಠ ಕೇಳಿ ಇಂಗ್ಲಿಷ್ ಶುರು ಮಾಡಿದ್ದು. 1977ರಲ್ಲಿ ಕಾಲೇಜು ಪ್ರವೇಶ ಪರೀಕ್ಷೆ ಬರೆದಾಗ ಇಂಗ್ಲಿಷನ್ನು ಕೊನೆಯ ಆಯ್ಕೆಯಾಗಿ ಹಾಕಿದ್ದರಂತೆ. ಸಿಕ್ಕಿದ್ದು ಅದೇ.

1985ರಲ್ಲಿ ಪಿಎಚ್‌ಡಿಗೆಂದು ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯಕ್ಕೆ ಬಂದರು. ಓದು ಮುಗಿಸಿ ಊರಿಗೆ ಮರಳಿ ಪಾಠ ಮಾಡುವ ಲೆಕ್ಕಾಚಾರ. 1989ರಲ್ಲಿ ಟಿವಿಯಲ್ಲಿ ಕಂಡದ್ದು ಆ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ತಾವೇ ಇದ್ದ ಸೈನ್ಯ ತಮ್ಮದೇ ಜನರ ಮೇಲೆ ಗುಂಡು ಹಾರಿಸಿತ್ತು. ಮತ್ತೆ ಚೀನಾಕ್ಕೆ ಹೋಗಲಿಲ್ಲ. ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲುಗಾರನ ಕೆಲಸವನ್ನೂ ಮಾಡಿದರು. ಬರೆದರೆ ಇಂಗ್ಲಿಷಿನಲ್ಲೇ ಎಂದು ಗಟ್ಟಿ ಮಾಡಿಕೊಂಡಾಗ ಮೂವತ್ತು ದಾಟಿತ್ತು. ಪ್ರೀತಿಗಿಂತ ಹೊಟ್ಟೆಪಾಡೇ ಜಾಸ್ತಿ ಅನ್ನಿಸುತ್ತದೆ ನನಗೆ. ಅದರಲ್ಲಿ ತಪ್ಪೇನು?

‘ವೇಟಿಂಗ್’ 1999ರಲ್ಲಿ ಬಂತು, ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಗೆದ್ದಿತು. ಸೈನ್ಯದ ಡಾಕ್ಟರ್ ಲಿನ್ ಕಾಂಗ್ ಹಳ್ಳಿಯ ಹೆಂಡತಿಯಿಂದ ಬಿಡುಗಡೆ ಕೇಳಿ ವರ್ಷಾ ವರ್ಷಾ ಕೋರ್ಟಿಗೆ ಹೋಗುತ್ತಾನೆ. ಹದಿನೆಂಟು ವರ್ಷ ಬೇರೆ ಇದ್ದರೆ ಅವಳ ಒಪ್ಪಿಗೆ ಬೇಕಿಲ್ಲ, ಅಲ್ಲಿಯವರೆಗೆ ಕಾಯಬೇಕು. ನನ್ನನ್ನು ಹಿಡಿದು ಕೂರಿಸಿದ್ದು ಹೆಂಡತಿ ಷುಯು. ಹಳೇ ಚೀನೀ ಪದ್ಧತಿಯಂತೆ ಚಿಕ್ಕಂದಿನಲ್ಲೇ ಕಟ್ಟಿ ಕುಗ್ಗಿಸಿದ ಪಾದ ಅವಳದು. ಆಸ್ಪತ್ರೆಯ ನರ್ಸುಗಳು, ಒಮ್ಮೆ ಪಾದ ತೋರಿಸು ಅಂತ ದುಂಬಾಲು ಬೀಳುತ್ತಾರೆ. ಗಂಡನಿಗೆ ಮಾತ್ರ ತೋರಿಸೋದು ಅಂತ ಅವಳು ಒಪ್ಪುವುದೇ ಇಲ್ಲ. ಆ ಗಂಡನೋ, ಇವಳ ಕಡೆ ತಿರುಗಿ ನೋಡಿ ಎಷ್ಟು ಕಾಲವಾಯಿತೋ! ಇಷ್ಟು ಹೇಳಿ ಹಾ ಜಿನ್ ಸುಮ್ಮನಾಗುತ್ತಾರೆ. ಒಂದು ಹನಿ ಕಣ್ಣೀರಿಲ್ಲ.

ಇದೇ ಪಾದಕ್ಕೆ ಚೀನಾದಲ್ಲಿ ಟೀಕೆಯೂ ಬಂತು. ಹಳೇ ಕೊಳಕು ತೋರಿಸಿ ಅಮೆರಿಕನ್ನರನ್ನು ಮೆಚ್ಚಿಸುತ್ತಾನೆ ಅಂತ. ನನಗೆ ಒಪ್ಪಿಗೆಯಿಲ್ಲ. ಮೆಚ್ಚಿಸಲು ಹೊರಟವರು ಇಷ್ಟು ಒಣಒಣವಾಗಿ ಬರೆಯುವುದಿಲ್ಲ, ಅಲ್ವಾ? ಅವರದೇ ಇನ್ನೊಂದು ಕಾದಂಬರಿ ‘ವಾರ್ ಟ್ರ್ಯಾಷ್’ ಓದಿದರೆ ಅವರು ಯಾರಿಗೂ ರಿಯಾಯಿತಿ ಕೊಡುವವರಲ್ಲ ಅಂತ ಗೊತ್ತಾಗುತ್ತದೆ. ಕೊರಿಯಾ ಯುದ್ಧದಲ್ಲಿ ಸೆರೆಸಿಕ್ಕ ಚೀನೀ ಸೈನಿಕನ ಕಥೆ ಅದು. ಶಿಬಿರದಲ್ಲಿ ಕಮ್ಯುನಿಸ್ಟ್ ವಿರೋಧಿಗಳು ಅವನ ಹೊಟ್ಟೆಯ ಮೇಲೆ ಕಮ್ಯುನಿಸಮ್ಮನ್ನು ಬೈದು ಇಂಗ್ಲಿಷಿನಲ್ಲಿ ಹಚ್ಚೆ ಹಾಕಿಸುತ್ತಾರೆ. ಚೀನಾಕ್ಕೆ ಮರಳಿದ ಮೇಲೆ ಡಾಕ್ಟರು ಅದರಲ್ಲಿ ಕೆಲವು ಅಕ್ಷರ ಅಳಿಸುತ್ತಾರೆ. Communism ಪದದಲ್ಲಿ ಉಳಿದದ್ದು U ಮತ್ತು S, ಅದೇ ಬೈಗುಳ ಈಗ ಅಮೆರಿಕಕ್ಕೆ!